ಮೂಲೆ ಗೋರಿ ಮೇಲಿನ ಕುಂಬಳಕಾಯಿ

ಬಾ ಫಿಲ್ಲು, ಬಾಗ್ಲು ಒಸಿ ಮುಂದಕ್ಕೆ ತಳ್ಳು. ಪೂರ್ತಿ ಹಾಕ್ಬೇಡ, ಇವ್ರಿಬ್ರೂ ಏನೋ ಗುಸುಗುಸು ಅಂತಾವ್ರೆ ಅಂತ ಎದುರು ಮನೆಯೋಳು ಕಿವಿ ಉದ್ದ ಮಾಡ್ತಾಳೆ. ಕೂತ್ಕೊ. ಮೊದ್ಲು ಈ ಜಪಸರ ಹಿಡ್ಕೊ ಕೈಲಿ. ಶಿಲುಬೆ ಹಿಡ್ಕೊಳೇ, ಮಣಿ ಹಿಡ್ಕೊಂಡ್ರೆ ಅದು ಆಣೆ ಅಲ್ಲ. ಈಗ ಹೇಳು: ಬೆರ್ಜಿತಮ್ಮ ಹೇಳಿದ್ದು ನನ್ ಹೊಟ್ಟೇಲೇ ಇರುತ್ತೆ, ಗಂಡಂಗೂ ಹೇಳಲ್ಲ, ಅತ್ತೆಗಂತೂ ಹೇಳೋದೇ ಇಲ್ಲ. ಹಾಂ. ನಿಮ್ಮತ್ತೆ ಕಿವಿಗೆ ಬಿದ್ರೆ ಕೊಳ್ಳೇಗಾಲದ ಬಸ್ಸಿಗಿಂತ ಮುಂಚೆ ಕೊಳ್ಳೇಗಾಲ ಮುಟ್ಟುತ್ತೆ.

ಸಮಾಧಿ ತೋಟದ ಪಕ್ಕ ಇರೋ ಶೀಟಿನ ಮನೆ ಬಾಗ್ಲು ಮುಟ್ಟಿ ಎಲ್ಲಾರೂ ಯಾಕೆ ಕಣ್ಣಿಗೊತ್ಕೊತಾರೆ ಅಂತ ಕೇಳ್ದೆ ತಾನೇ? ಹೇಳ್ತೀನಿ. ಊರೋರು ಹೇಳೋದು ಅರ್ಧ ಕತೆ. ಉಳಿದರ್ಧ ನನ್ ಹತ್ರ ಐತೆ, ಮೂರು ವರ್ಷದಿಂದ ಗಂಟಲಲ್ಲಿ ಮೀನಿನ ಮುಳ್ಳು ಇದ್ದಂಗೈತೆ.

ಅಲ್ಲಿ ನಮ್ಮ ಮೋನಿಕ ಮದರಮ್ಮನೋರು ಇರ್ತಿದ್ರು. ಕಾನ್ವೆಂಟಲ್ಲಿ ಅವ್ರಿಗೆ ಮಂಚ, ಫ್ಯಾನು ಎಲ್ಲಾ ಇತ್ತು. ವಯಸ್ಸಾಯ್ತು, ಒಳಗಿರಿ ಮದರ್ ಅಂತ ಚಿಕ್ಕ ಸಿಸ್ಟರುಗಳು ಹೇಳಿ ಹೇಳಿ ಸೋತ್ರು. ಬೆಳಗಿನ ಪೂಜೆ ಮುಗೀತಿದ್ದಂಗೆ ಈ ಶೀಟಿನ ಮನೆಗೆ ಬಂದ್ಬುಡೋರು. ಎಂಬತ್ತೆರಡು ವರ್ಷ. ಬೆನ್ನು ಕುಡ್ಲಿನಂಗೆ ಬಾಗಿತ್ತು. ಗೋರಿಗಳ ಮೇಲೆ ಜನ ಉರ್ಸಿ ಬುಟ್ಟೋದ ಮೇಣದಬತ್ತಿ ಚೂರು, ಕರಗಿ ಅಂಟಿದ ಮೇಣ, ಎಲ್ಲಾ ಚಾಕೂಲಿ ಕೆರ್ದು ತರೋರು. ಎಣ್ಣೆ ಡಬ್ಬೀಲಿ ಕರಗ್ಸೋರು. ಪಪ್ಪಾಯಿ ಎಲೆ ದಂಟು ಟೊಳ್ಳಾಗಿರುತ್ತಲ್ಲ, ಅದ್ರೊಳಗೆ ದಾರ ಇಳಿಬುಟ್ಟು ಮೇಣ ಹುಯ್ದು ಹೊಸ ಬತ್ತಿ ಮಾಡೋರು. ನೋಡೋಕೆ ಸೊಟ್ಟ, ಬಣ್ಣ ಬೂದಿ. ಅಂಗ್ಡೀಲಿ ತರೋಕೆ ಆಗ್ದೋರು ಬಂದು ಕೇಳಿದ್ರೆ ಸುಮ್ನೆ ಕೊಡೋರು. ಅದ್ಕೇ ಅವ್ರಿಗೆ ಮೇಣದ ಮದರಮ್ಮ ಅಂತ ಹೆಸ್ರು.

ಆದ್ರೆ ಒಂದು. ಬತ್ತಿ ಕೊಡೋಕ್ ಮುಂಚೆ ‘ಯಾರಿಗೆ?’ ಅಂತ ಕೇಳೋರು. ಸತ್ತೋರ ಹೆಸ್ರು ಬಾಯಿ ಬುಟ್ಟು ಹೇಳ್ಬೇಕು. ಅವ್ರೂ ಒಂದ್ಸಲ ಆ ಹೆಸ್ರು ಹೇಳಿ, ಆಮೇಲೆ ಕೈಗಿಡೋರು. ನಾನೊಂದ್ಸಲ ಕರೆಂಟ್ ಹೋಗೈತೆ, ಮನೆಗೊಂದು ಆಗುತ್ತೆ ಅಂತ ಕೇಳೋಕೋದೆ. ‘ಯಾರಿಗೆ ಬೆರ್ಜಿತಾ?’ ಅಂದ್ರು. ಸೋದರತ್ತೆ ಹೆಸ್ರು ಹೇಳಾಣ ಅಂತ ಬಾಯಿ ತೆಗ್ದೆ, ಬರ್ಲಿಲ್ಲ ಕಣೆ. ನನ್ ಬಾಯಿಗೆ ಸುಳ್ಳು ಬರ್ದೇ ಹೋಗಿದ್ದು ಅದೊಂದೇ ಸಲ.

ಇನ್ನೊಂದು ನೋಡಿದ್ದೆ. ವರ್ಷಕ್ಕೊಂದು ಬತ್ತಿ ಕಿಟ್ಕಿ ಮೇಲೆ ಎತ್ತಿಡೋರು. ಅದನ್ನ ಯಾರ್ಗೂ ಕೊಡ್ತಿರ್ಲಿಲ್ಲ. ಅದ್ಯಾರಿಗೆ ಮದರಮ್ಮ ಅಂದ್ರೆ, ‘ಕೇಳೋರು ಬರ್ಬೇಕು’ ಅನ್ನೋರು, ಅಷ್ಟೇ.

ಈಗ ಇನ್ನಾಸಪ್ಪಣ್ಣನ ವಿಷ್ಯ. ಫ್ಲೋರ್ ಮಿಲ್ ಇನ್ನಾಸಪ್ಪ, ನಮ್ಮ ಚರ್ಚ್ ಗುಡಿ ಕಮಿಟಿ ಕಾರ್ಯದರ್ಶಿ. ಮೊಣಕಾಲೂರಿ ಕೂತ್ರೂ ಬೆನ್ನು ಅಳತೆ ಕೋಲಿನಂಗೆ ನೆಟ್ಟಗಿರುತ್ತಲ್ಲ, ಅವ್ನೇ. ಅವ್ನಿಗೊಬ್ಳು ಮಗ್ಳಿದ್ಳು, ಸೆಲಿನ ಅಂತ. ಬಂಗಾರದಂಥ ಹುಡ್ಗಿ. ಕಟ್ಕೊಂಡೋನು ಕೈ ಬುಟ್ಟು ಹೋದ, ಎಂಟು ತಿಂಗಳ ಮಗು ಎತ್ಕೊಂಡು ಅಪ್ಪನ ಮನೆಗೆ ಬಂದ್ಳು. ಒಂದಿನ ಬಾವೀಲಿ ಸಿಕ್ಕಿದ್ಳು. ಬಿದ್ಳೋ ಹಾರಿದ್ಳೋ ದೇವ್ರೊಬ್ನಿಗೇ ಗೊತ್ತು, ಬಿಂದಿಗೆ ಹಗ್ಗ ಪಕ್ದಲ್ಲೇ ಇತ್ತು. ಆಗಿನ ಪಾದ್ರಿ ಸ್ವಾಮ್ಯೋರು ವಯಸ್ಸಾದೋರು, ಎಲ್ಲಾರ ಜೊತೆಗೇ ಮಣ್ಣು ಮಾಡೋಣ ಇನ್ನಾಸಪ್ಪ ಅಂದ್ರು. ತಾವಾಗೇ ಪ್ರಾಣ ಕಳ್ಕೊಂಡೋರಿಗೆ ಬೇರೆ ಜಾಗ ಅಂತ ಅವ್ನು ಒಪ್ಲಿಲ್ಲ. ‘ಊರಿಗೊಂದು ಕಟ್ಲೆ, ಕಾರ್ಯದರ್ಶಿ ಮಗ್ಳಿಗೊಂದು ಕಟ್ಲೆ ಅಂತ ನಾಳೆ ಯಾರೂ ಅನ್ಬಾರ್ದು’ ಅಂದ. ಹೆತ್ತಪ್ಪನೇ ನಿಂತು ಗೋಡೆ ಬಿದ್ದೋಗಿರೋ ಮೂಲೇಲಿ ಹೂಳಿಸ್ದ. ಶಿಲುಬೆ ಇಲ್ಲ, ಹೆಸ್ರಿಲ್ಲ. ಮನೇಲಿದ್ದ ಫೋಟೋನೂ ತೆಗ್ಸಿದ. ಅವ್ನ ಹೆಂಡ್ತಿ ಲೂಸಿಯಮ್ಮ ಒಂಬತ್ತು ವರ್ಷ ಮಗ್ಳ ಹೆಸ್ರನ್ನ ಸೆರಗಲ್ಲೇ ಒರಸ್ಕೊಂಡ್ಳು.

ಇನ್ನು ನಾವು? ನಾವೇನು ಮಾಡ್ದೋ ಕೇಳು. ಮಕ್ಳು ಊಟ ಮಾಡ್ದಿದ್ರೆ, ‘ಬಾವಿ ಸೆಲಿನ ಬರ್ತಾಳೆ ನೋಡು’ ಅಂತಿದ್ವಿ. ನಾನೇ ಅಂದಿದ್ದೀನಿ. ಸೆಲಿನ ಮಗ್ಳು ಜಸಿಂತ ಅಲ್ಲೇ ಕುಂಟೇಬಿಲ್ಲೆ ಆಡ್ತಿರ್ಬೇಕಾದ್ರೂ ಅಂದಿದ್ದೀನಿ.

ಮೂರು ವರ್ಷದ ಹಿಂದೆ ಜಸಿಂತ ಪಟ್ಣದ ಇಂಗ್ಲಿಷ್ ಸ್ಕೂಲಿಗೆ ಸೇರಿದ್ಳು. ಅಲ್ಲಿ ಟೀಚ್ರು ನಮ್ಮ ಬೀದಿ ಎಮಿಲ್ಡನೇ. ಭಾನುವಾರ ಗುಡೀಲಿ ಮಕ್ಳಿಗೆ ಜ್ಞಾನೋಪದೇಶ ಹೇಳೋಳೂ ಅವ್ಳೇ, ಹಾಡು ಎತ್ಕೊಡೋಳೂ ಅವ್ಳೇ. ಅಕ್ಟೋಬರ್ ಕೊನೇಲಿ ಸ್ಕೂಲಲ್ಲಿ ಹ್ಯಾಲೋವೀನ್ ಅಂತ ಮಾಡಿದ್ರು. ಮಕ್ಳೆಲ್ಲಾ ಕರೀ ಬಟ್ಟೆಗೆ ಬಿಳೀ ಮೂಳೆ ಬರ್ಕೊಂಡು, ಕುಂಬ್ಳಕಾಯಿಗೆ ಕಣ್ಣು ಬಾಯಿ ಕೊರ್ದು ಒಳಗೆ ದೀಪ ಇಟ್ಕೊಂಡು ಕುಣಿದ್ವಂತೆ. ಆ ಫೋಟೋ ಇನ್ನಾಸಪ್ಪನ ಫೋನಿಗೆ ಬಂತು. ಅವ್ನು ಆಗ್ತಾನೇ ಎಲ್ಲೋ ಧ್ಯಾನಕೂಟಕ್ಕೆ ಹೋಗಿ ಒಂದು ಕರಪತ್ರ ತಂದಿದ್ದ. ಸಕಲ ಸಂತರ ಹಬ್ಬದ ಪೂಜೆ ಮುಗೀತಿದ್ದಂಗೆ ಎದ್ದು ನಿಂತು ಓದ್ದ. ಹ್ಯಾಲೋವೀನ್ ಅನ್ನೋದು ಸೈತಾನನ ಹಬ್ಬ, ಅದನ್ನ ಮಾಡೋ ಕಥೋಲಿಕರು ಅವ್ನಿಗೆ ಮನೆ ಬಾಗ್ಲು ತೆಗ್ದಂಗೆ, ಅಂತ.

ಎಮಿಲ್ಡ ಎದ್ಳು. ‘ಅಣ್ಣಾ, ಆ ಹೆಸ್ರಿನ ಅರ್ಥವೇ ಸಕಲ ಸಂತರ ಹಬ್ಬದ ಹಿಂದಿನ ಸಾಯಂಕಾಲ ಅಂತ. ನಮ್ಮ ಹಬ್ಬದ್ದೇ ಬಾಲ ಅದು.’

‘ಬಾಲ ಇರೋದು ಯಾರಿಗಮ್ಮಾ?’ ಅಂದ ಇನ್ನಾಸಪ್ಪ. ‘ಸೈತಾನನಿಗೆ ತಾನೇ?’

ಗುಡಿಯೊಳಗೇ ಜನ ನಕ್ಬುಟ್ರು. ಪಾಪ, ಅವ್ಳ ಮುಖ ಸುಟ್ಟ ಬದ್ನೇಕಾಯಿ ಆಯ್ತು. ಹೊಸ ಸ್ವಾಮ್ಯೋರು ಚಿಕ್ಕ ವಯಸ್ಸಿನೋರು, ‘ನೋಡೋಣ, ನೋಡೋಣ’ ಅಂತ ಕೈ ಹೊಸ್ಕೊಂಡ್ರು. ಆಚೆ ಬಂದ್ಮೇಲೆ ಬೀದಿಯೆಲ್ಲಾ ಅದೇ ಮಾತು. ಸತ್ತೋರ ವೇಷ ಹಾಕೋದು ತಪ್ಪು ಅಂತ ನಿಮ್ಮತ್ತೆ ಅಂದ್ರೆ, ‘ಶುಭ ಶುಕ್ರವಾರದ ನಾಟಕದಲ್ಲಿ ನಿನ್ ಗಂಡ ಏಸುನ ಹಿಡ್ಕೊಟ್ಟ ಯೂದಾಸನ ವೇಷ ಹಾಕ್ಲಿಲ್ವಾ?’ ಅಂತ ನಾನಂದೆ. ‘ಅದ್ ಬೇರೆ ಇದ್ ಬೇರೆ’ ಅಂದ್ಳು. ‘ನಿಜ, ಅವ್ನಿಗೆ ವೇಷವೇ ಬೇಕಾಗಿರ್ಲಿಲ್ಲ’ ಅಂದೆ. ಅವತ್ತಿಂದ ನಿಮ್ಮತ್ತೆ ನಂಗೆ ಕರಿಬೇವೂ ಕೊಡಲ್ಲ.

ಕಮಿಟಿಯೋರು ತೀರ್ಮಾನ ಮಾಡಿದ್ರು. ನಾಳೆ ಸತ್ತೋರ ಹಬ್ಬ, ಗೋರಿ ಮಂತ್ರಿಸೋದು ಮುಗಿದ್ಮೇಲೆ ಸಭೆ. ಎಮಿಲ್ಡನ್ನ ಜ್ಞಾನೋಪದೇಶದಿಂದಲೂ ಹಾಡಿಂದಲೂ ತೆಗೆಯೋದು, ಸ್ಕೂಲಿಗೂ ಒಂದು ಕಾಗ್ದ ಬರೆಯೋದು.

ಸತ್ತೋರ ಹಬ್ಬದಲ್ಲಿ ನಮ್ಮೂರ ಕಟ್ಲೆ ನಿಂಗೆ ಗೊತ್ತಿಲ್ಲ. ಮಧ್ಯಾಹ್ನವೇ ಹೋಗಿ ಗೋರಿ ತೊಳ್ದು, ಸೇವಂತಿಗೆ ಹಾಕಿ, ಕಡ್ಲೆಪುರಿ ಎರಚಿ, ಬತ್ತಿ ಹಚ್ಚಿ ಕಾಯ್ತಾ ಕೂರ್ಬೇಕು. ನಾಲ್ಕು ಗಂಟೆಗೆ ಸ್ವಾಮ್ಯೋರು ತೀರ್ಥ ಚಿಮುಕ್ಸ್ಕೊಂಡು ಬರ್ತಾರೆ. ಬತ್ತಿ ಉರೀತಿರೋ ಗೋರಿ ಹತ್ರ ನಿಂತು, ಹೆಸ್ರು ಕೇಳಿ, ಆ ಹೆಸ್ರು ಹೇಳಿ ಮಂತ್ರಿಸ್ತಾರೆ. ಬತ್ತಿ ಆರೋಗಿದ್ರೆ ಮುಂದಕ್ಕೋಗ್ತಾರೆ. ಕೆರೆ ಕಡೆಯಿಂದ ಗಾಳಿ ಬೀಸೋದ್ರಿಂದ ಎಲ್ಲಾರೂ ಟವಲ್ಲೋ ರಟ್ಟೋ ಅಡ್ಡ ಹಿಡ್ದು ಕೂತಿರ್ತಾರೆ. ಆ ಮೂಲೇಲಂತೂ ಗೋಡೆ ಬಿದ್ದೋಗಿರೋದ್ರಿಂದ ಬತ್ತಿ ಒಂದು ಗಳಿಗೆನೂ ನಿಲ್ಲಲ್ಲ. ನಿಲ್ಸೋರೂ ಯಾರೂ ಇರ್ಲಿಲ್ಲ ಬುಡು.

ನಾನು ಮೂರು ಗಂಟೆಗೋದೆ, ನಮ್ಮೆಜಮಾನ್ರ ಗೋರಿ ತೊಳೆಯೋಕೆ. ಬಿಂದಿಗೆ ಇಳ್ಸಿ ತಲೆ ಎತ್ತುದ್ರೆ, ಮೂಲೇಲಿ ಏನೋ ಕೆಂಪಗೆ ಕಾಣ್ತು. ಸೆಲಿನ ಮಣ್ಣಿನ ಮೇಲೆ ಒಂದು ಸಿಹಿ ಕುಂಬ್ಳಕಾಯಿ. ಎರಡು ಕಣ್ಣು, ಒಂದು ಬಾಯಿ, ಒಳಗೆ ಬೆಳಕು.

ಇಲ್ಲಿಂದ ಯಾರ್ಗೂ ಗೊತ್ತಿಲ್ಲ ಫಿಲ್ಲು. ಶಿಲುಬೆ ಹಿಡ್ಕೊಂಡಿದ್ದೀಯ ತಾನೇ?

ಆ ಕಾಯಿ ನಂದು. ನಮ್ಮ ಹಿತ್ಲ ಬಳ್ಳೀದು. ಎಳೇ ಕಾಯಾಗಿದ್ದಾಗ, ನಿಮ್ಮತ್ತೆ ಕಿತ್ಕೊಂಡೋಗ್ತಾಳೆ ಅಂತ ಗುರ್ತಿಗೆ ಉಗುರಲ್ಲಿ ಒಂದು ಶಿಲುಬೆ ಗೀಚಿದ್ದೆ. ಕಾಯಿ ಬೆಳೀತಾ ಗೀಚೂ ಬೆಳ್ದು ಗೇಣುದ್ದ ಆಗಿತ್ತು. ಹಿಂದಿನ ದಿನ ಬಳ್ಳೀಲಿ ಕಾಯಿ ಕಾಣ್ದೇ ಇಡೀ ಬೀದಿಗೆ ಶಾಪ ಹಾಕಿದ್ದೆ. ಅಲ್ಲಿ ಹತ್ರ ಹೋಗಿ ಬಗ್ಗಿ ನೋಡ್ತೀನಿ, ಹಿಂಭಾಗದಲ್ಲಿ ಅದೇ ಶಿಲುಬೆ. ಕಾಯಿ ಹೋದ ದಿನ ಬೆಳಗ್ಗೆ ಜಸಿಂತ ನಮ್ಮ ಹಿತ್ಲಿಂದ ಲಂಗ ಎತ್ತಿ ಕಟ್ಕೊಂಡು ಓಡಿದ್ದೂ ನೆಪ್ಪಾಯ್ತು. ಎಲ್ಲಾ ಗೊತ್ತಾಯ್ತು ನಂಗೆ, ಒಂದೇ ಗಳಿಗೇಲಿ.

ಗೊತ್ತಾಗಿ ಏನ್ ಮಾಡ್ದೆ? ‘ಮಾಟ! ಯಾರೋ ಮಾಟ ಮಾಡವ್ರೆ!’ ಅಂತ ಕೂಗ್ದೆ.

ಯಾಕೆ ಅಂತ ಕೇಳ್ಬೇಡ. ಕಾಯಿ ಹೋದ ಸಿಟ್ಟೋ, ನಾಲ್ಗೆ ತುರಿಕೆಯೋ. ಮೊದ್ಲು ಬಂದೋಳಿಗೆ ಒಳಗೆ ಕುಂಕುಮ ಮೆತ್ತೈತೆ ಅಂದೆ. ಕುಂಕುಮವೂ ಇಲ್ಲ ಏನೂ ಇಲ್ಲ, ಕಾಯಿ ತಿರುಳೇ ಕೆಂಪು. ಎರಡ್ನೇಯೋಳಿಗೆ ನಿಂಬೇಹಣ್ಣೂ ಐತೆ ಅಂದೆ. ಮೂರ್ನೇಯೋಳು ಕೂದ್ಲೂ ಐತಂತೆ ಅಂತ ನಂಗೇ ಬಂದು ಹೇಳಿದ್ಳು!

ಹತ್ತು ನಿಮಿಷದಲ್ಲಿ ಇಡೀ ತೋಟ ಮೂಲೆಗೆ ಬಂದು ನಿಂತ್ಕೊಂತು. ಹತ್ರ ಹೋಗೋಕೆ ಎಲ್ಲಾರ್ಗೂ ಭಯ. ಬೀದಿ ಕೂಡೋ ಜಾಗದಲ್ಲಿ ಕೊಯ್ದ ಕುಂಬ್ಳಕಾಯಿ ನೋಡಿದ್ರೆ ಸುತ್ತಾಕ್ಕೊಂಡು ಹೋಗೋ ಜನ ನಾವು, ಇದು ಗೋರಿ ಮೇಲೆ, ಅದೂ ಆ ಗೋರಿ ಮೇಲೆ. ಹೆಂಗಸ್ರು ಮಕ್ಳ ಕಣ್ಣು ಮುಚ್ಚಿದ್ರು. ಯಾರೋ, ‘ಇದು ಸ್ಕೂಲಲ್ಲಿ ಮಾಡಿದ್ರಲ್ಲ, ಅದೇ!’ ಅಂದ್ರು. ಎಮಿಲ್ಡನ್ನ ತೋಳು ಹಿಡ್ದು ಮುಂದಕ್ಕೆ ತಳ್ಳಿದ್ರು. ‘ನಾನಲ್ಲ ಅಣ್ಣಾ, ಮಾತೆ ಮರಿಯಮ್ಮನ ಆಣೆ ನಾನಲ್ಲ’ ಅಂತ ಅವ್ಳು ಕೈ ಮುಗೀತಿದ್ಳು. ಬಾಯಿ ಬುಟ್ಟು ಒಂದು ಮಾತು ಹೇಳ್ಬೋದಾಗಿದ್ದೋಳು ನಾನೊಬ್ಳೇ. ಸುಮ್ನೆ ನಿಂತಿದ್ದೆ.

ಇನ್ನಾಸಪ್ಪ ಬಂದ, ಕೈಲಿ ಹಾರೆ. ಒಂಬತ್ತು ವರ್ಷದಲ್ಲಿ ಆ ಮೂಲೆಗೆ ಕಾಲಿಟ್ಟಿದ್ದು ಅದೇ ಮೊದ್ಲು. ಮುಖ ಸುಣ್ಣ ಬಳ್ದಂಗಾಗಿತ್ತು. ‘ನೋಡುದ್ರಾ? ಬಾಗ್ಲು ತೆಗ್ದ್ರೆ ಒಳಗೇ ಬರ್ತಾನೆ ಅಂತ ಹೇಳಿದ್ನಾ ಇಲ್ವಾ?’ ಅಂತ ಹಾರೆ ಎತ್ತಿದ.

‘ಇನ್ನಾಸಪ್ಪಾ.’

ಮದರಮ್ಮನೋರು. ಕೂಗ್ಲಿಲ್ಲ. ಕೋಲೂರ್ಕೊಂಡು ನಿಧಾನಕ್ಕೆ ಬಂದ್ರು, ಬೆರಳಿಗೆಲ್ಲಾ ಮೇಣ ಅಂಟಿತ್ತು. ಜನ ತಾವಾಗೇ ದಾರಿ ಬುಟ್ರು. ಅವ್ರು ಬಾಗಿದ ಬೆನ್ನಿಂದ್ಲೇ ತಲೆ ಎತ್ತಿ ಇನ್ನಾಸಪ್ಪನ್ನ ನೋಡಿದ್ರು.

‘ಒಡಿ. ಬೇಡ ಅನ್ನಲ್ಲ. ಆದ್ರೆ ಉರಿಯೋ ದೀಪ ಒಡೀಬಾರ್ದು. ಮೊದ್ಲು ಅದನ್ನ ಊದಿ ಆರ್ಸು. ನೀನೇ ಆರ್ಸು.’

ಗೋರಿ ಮೇಲಿನ ಬತ್ತೀನ ಬಾಯಲ್ಲಿ ಊದೋದು ಅಂದ್ರೆ ನಮ್ಮಲ್ಲಿ ಸತ್ತೋರ ಮುಖದ ಮೇಲೆ ಉಗಿದಂಗೆ. ಅವ್ನು ಒಂದ್ ಗಳಿಗೆ ನಿಂತ. ಎಲ್ಲಾರೂ ನೋಡ್ತಾವ್ರೆ, ಹಿಂದಕ್ಕೆ ಹೋಗೋಂಗಿಲ್ಲ. ಹಾರೆ ಕೆಳಗಿಟ್ಟ. ಮಗ್ಳ ಗೋರಿ ಮುಂದೆ ಮೊಣಕಾಲೂರ್ದ. ಕುಂಬ್ಳಕಾಯಿ ಬಾಯಿ ಹತ್ರ ಬಾಯಿ ತಂದು, ಕೆನ್ನೆ ಉಬ್ಬಿಸ್ದ.

ಹಂಗೇ ನಿಂತೋದ. ಉಸಿರು ಒಳಗೂ ಇಲ್ಲ ಆಚೆಗೂ ಇಲ್ಲ. ಗಾಳಿ ಬೀಸ್ತಿತ್ತು, ಸೇವಂತಿಗೆ ಎಸಳೆಲ್ಲಾ ಹಾರ್ತಿತ್ತು, ಆ ಕಾಯೊಳಗಿನ ದೀಪ ಮಾತ್ರ ಅಲುಗ್ತಿರ್ಲಿಲ್ಲ.

‘ಯಾರಿಗೆ ಹಚ್ಚವ್ರೆ ಇನ್ನಾಸಪ್ಪಾ?’ ಅಂದ್ರು ಮದರಮ್ಮನೋರು. ‘ಓದಿ ಹೇಳು.’

ಒಳಗಿದ್ದಿದ್ದು ಜ್ಞಾನಸ್ನಾನದ ಬತ್ತಿ ಕಣೆ. ಮಗೂಗೆ ಜ್ಞಾನಸ್ನಾನ ಆದಾಗ ಗುಡೀಲಿ ಕೊಡ್ತಾರಲ್ಲ, ಅದು. ಲೂಸಿಯಮ್ಮ ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದು. ಅದ್ರ ಮೇಲೆ ನೀಲಿ ಬಣ್ಣದಲ್ಲಿ ಸೆಲಿನ ಅಂತ ಬರ್ದಿತ್ತು. ಮೂವತ್ತು ವರ್ಷದ ಹಿಂದೆ ಆ ಹೆಸ್ರು ಬರ್ದೋನು ಇನ್ನಾಸಪ್ಪನೇ. ಅವ್ನ ಅಕ್ಷರ ಅವ್ನಿಗೆ ಗೊತ್ತಾಗಲ್ವಾ?

ಅಷ್ಟ್ರಲ್ಲಿ ಲೂಸಿಯಮ್ಮನ ಸೆರಗಿಂದ ಸಣ್ಣ ದನಿ ಬಂತು. ‘ತಾತಾ, ಊದ್ಬೇಡಿ. ಅಮ್ಮಂದು ಅದು. ಈ ಮೂಲೇಲಿ ಗಾಳಿ ಜಾಸ್ತಿ, ಅದ್ಕೇ ಕಾಯೊಳಗಿಟ್ಟೆ. ಆರಲ್ಲ ಅಂತ ಟೀಚ್ರು ಸ್ಕೂಲಲ್ಲಿ ತೋರ್ಸಿದ್ರು.’

ಎಮಿಲ್ಡನೇ ಮೆಲ್ಲಗೆ ಕೇಳಿದ್ಳು. ‘ಮತ್ತೆ ಮುಖ ಯಾಕೆ ಕೊರ್ದೆ ಪುಟ್ಟಿ?’

‘ಅಮ್ಮನ ಮುಖ ನಂಗೊತ್ತಿಲ್ಲ ಮಿಸ್. ನಗ್ತಿರೋ ಹಂಗೆ ಮಾಡ್ದೆ.’

ನಾನು ಆಗ ನೋಡಿದ್ದು. ಹೌದು, ಆ ಬಾಯಿ ನಗ್ತಿತ್ತು. ನಾವೆಲ್ಲಾ ಅದನ್ನ ಕೋರೆಹಲ್ಲು ಅಂದ್ಕೊಂಡಿದ್ವಿ.

ಗಂಟೆ ಸದ್ದು ಹತ್ರ ಬಂತು. ಸ್ವಾಮ್ಯೋರು ತೀರ್ಥದ ಬಿಂದಿಗೆ ಹಿಡಿಸ್ಕೊಂಡು ಸಾಲು ಮುಗಿಸ್ಕೊಂಡು ಬಂದ್ರು. ಬತ್ತಿ ಉರೀತೈತೆ. ಆದ್ರೆ ಆ ಮೂಲೆಗೋಗೋ ಪದ್ಧತಿ ಇಲ್ಲ, ಪದ್ಧತಿ ಮಾಡ್ದೋನೇ ಮುಂದೆ ಕೂತವ್ನೆ. ಅವ್ರಿಗೇನೂ ತೋಚ್ಲಿಲ್ಲ. ಕಾರ್ಯದರ್ಶಿ ಮುಖ ನೋಡಿದ್ರು. ಅವ್ನ ಬಾಯಿಂದ ಏನ್ ಬರುತ್ತೋ ಅಂತ ಇಡೀ ಊರೇ ನೋಡ್ತಿತ್ತು. ಲೂಸಿಯಮ್ಮ ಸೆರಗು ಬಾಯಿಗೆ ತುರುಕ್ಕೊಂಡಿದ್ಳು. ಸ್ವಾಮ್ಯೋರು ಕೊನೆಗೆ ಧೈರ್ಯ ಮಾಡಿ, ‘ಇವ್ರ... ಇವ್ರ ಹೆಸ್ರು?’ ಅಂದ್ರು.

ಇನ್ನಾಸಪ್ಪ ಬಾಯಿ ತೆಗ್ದ. ಹೆಸ್ರು ಬರ್ಲಿಲ್ಲ. ಸ್ವಾಮ್ಯೋರು ಕಾದ್ರು. ಇನ್ನೊಂದು ಗಳಿಗೆ ಆಗಿದ್ರೆ ಮುಂದಕ್ಕೋಗ್ಬುಡ್ತಿದ್ರು, ಕಾಲು ಎತ್ತಿದ್ರು ಕೂಡ.

ಮದರಮ್ಮನೋರು ಬಗ್ಗಿ ಆ ಕಾಯೀನ ಮೆಲ್ಲಗೆ ಅರ್ಧ ತಿರುಗಿಸಿದ್ರು. ಹಿಂದಿನ ಶಿಲುಬೆ ಜನದ ಕಡೆ ಬಂತು. ಒಂಬತ್ತು ವರ್ಷ ಶಿಲುಬೆ ಇಲ್ದೆ ಮಲಗಿದ್ದೋಳ ಮೇಲೆ ಶಿಲುಬೆ. ಎಲ್ಲಾರೂ ಅಲ್ಲೇ ಹಣೆ ಮುಟ್ಕೊಂಡ್ರು. ಅವ್ರು ಇನ್ನಾಸಪ್ಪನ ಹೆಗ್ಲ ಮೇಲೆ ಕೈಯಿಟ್ಟು ಒಂದೇ ಮಾತಂದ್ರು. ‘ಹೇಳಪ್ಪಾ.’

‘ಸೆಲಿನ’ ಅಂದ. ಆಮೇಲೆ ತೋಟವೆಲ್ಲಾ ಕೇಳ್ಸೋ ಹಂಗೆ, ‘ಸೆಲಿನ! ನನ್ ಮಗ್ಳು ಸ್ವಾಮಿ, ನನ್ ಮಗ್ಳು!’ ಅಂತ ಮಣ್ಣು ತಬ್ಕೊಂಡು ಬಿದ್ದ. ಆ ನೆಟ್ಟಗಿರೋ ಬೆನ್ನು ಮುರ್ದೋಯ್ತು ಅಂತ್ಲೇ ಅಂದ್ಕೊಂಡೆ ನಾನು. ಸ್ವಾಮ್ಯೋರು ಅಳ್ತಾನೇ ಮಂತ್ರಿಸಿದ್ರು.

ಮದರಮ್ಮನೋರು ಶೀಟಿನ ಮನೆಗೋಗಿ ಕಿಟ್ಕಿ ಮೇಲಿದ್ದ ಬತ್ತಿ ಎಲ್ಲಾ ಮಡಿಲಲ್ಲಿ ತಂದ್ರು. ಒಂಬತ್ತಿದ್ವು. ಅವ್ನ ಕೈಗಿಟ್ರು. ಯಾರಿಗೆ ಅಂತ ಅವತ್ತು ಮಾತ್ರ ಕೇಳ್ಲಿಲ್ಲ.

ಸಭೆ ನಡೀಲೇ ಇಲ್ಲ. ಸ್ವಾಮ್ಯೋರು ಮಾತ್ರ ಹೋಗೋವಾಗ ಕೇಳಿದ್ರು, ‘ಮದರ್, ಕೊನೆಗೂ ಹ್ಯಾಲೋವೀನ್ ಮಾಡ್ಬೋದೋ, ಬೇಡ್ವೋ? ಜನ ನನ್ನ ಕೇಳ್ತಾರೆ.’

ಮದರಮ್ಮನೋರು ಎಮಿಲ್ಡನ ಕಡೆ ತಿರುಗಿ ಅಂದ್ರು, ‘ಸತ್ತೋರ್ನ ಗುಮ್ಮ ಮಾಡ್ಬೇಡಮ್ಮ. ಅವ್ರು ನಮ್ಮೋರು.’ ಆಮೇಲೆ ನಮ್ಮ ಕಡೆ ತಿರುಗಿದ್ರು, ಹೆಂಗಸ್ರ ಕಡೆ. ‘ಸೆಲಿನನ್ನ ಒಂಬತ್ತು ವರ್ಷದಿಂದ ಗುಮ್ಮ ಮಾಡಿದ್ದೋರು ಯಾರು? ದೀಪ ಯಾವ ಹಬ್ಬಕ್ಕಾದ್ರೂ ಹಚ್ಚಿ. ಯಾರಿಗೆ ಅಂದ್ರೆ ಹೆಸ್ರು ಬಂದ್ರೆ ಇರ್ಲಿ. ಬರ್ದಿದ್ರೆ ಆರ್ಸಿ.’

ಅಷ್ಟೇ. ಅವತ್ತಿಂದ ಈ ಬೀದೀಲಿ ಬಾವಿ ಸೆಲಿನ ಅಂತ ಯಾರೂ ಅಂದಿಲ್ಲ. ಎಮಿಲ್ಡನೂ ಮಕ್ಳಿಗೆ ಮೂಳೆ ವೇಷ ಹಾಕ್ಸೋದು ಬುಟ್ಳು. ಈಗ ಆ ದಿನ ಒಂದೊಂದು ಮಗೂ ಅವ್ರವ್ರ ಮನೇಲಿ ಸತ್ತೋರ ಹೆಸ್ರು ಹೇಳಿ ಕಾಯೊಳಗೆ ದೀಪ ಇಡುತ್ತೆ. ಇನ್ನಾಸಪ್ಪ ಮೂಲೆ ಗೋಡೇನ ತಾನೇ ಕಟ್ಟಿದ, ಕರಪತ್ರ ಹಂಚೋ ಕೈಲಿ ಇಟ್ಟಿಗೆ ಹೊತ್ತ. ಮದರಮ್ಮನೋರು ಹೋದ್ಮೇಲೆ ಪಪ್ಪಾಯಿ ದಂಟಲ್ಲಿ ಬತ್ತಿ ಹುಯ್ಯೋನೂ ಅವ್ನೇ. ನೀನು ಹೋಗಿ ಕೇಳಿ ನೋಡು, ಯಾರಿಗೆ ಅಂತಾನೆ.

ನನ್ ಪಾಲು ಉಳ್ಕೊಂಡೈತೆ. ಮಾರ್ನೇ ದಿನ ನಾನು ಶೀಟಿನ ಮನೆಗೋದೆ. ಆ ಕಾಯಿ ಅವ್ರ ಮೇಜಿನ ಮೇಲಿತ್ತು. ಮದರಮ್ಮನೋರು ಮೇಣ ಕಲಕ್ತಾ, ತಲೆ ಎತ್ತದೇ, ‘ಈ ಶಿಲುಬೆ ನಿನ್ ಉಗುರಿಂದಲ್ವಾ ಬೆರ್ಜಿತಾ?’ ಅಂದ್ರು. ಕಾಲಿಗೆ ಬಿದ್ದೆ. ಕ್ಷಮಿಸ್ಬುಡಿ ಅಂದೆ. ‘ನನ್ನನ್ಯಾಕೆ ಕೇಳ್ತೀಯ? ಎಮಿಲ್ಡನ್ನ ಕೇಳು’ ಅಂದ್ರು. ಆಗ್ಲಿ ಅಂದೆ. ನಾಳೆ ನಾಳೆ ಅಂತ ಮುಂದಕ್ಕಾಕ್ದೆ. ಅವ್ರು ಮುಂದಿನ ತಪಸ್ಸು ಕಾಲದಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದಲ್ಲೇ ತೀರ್ಕೊಂಡ್ರು. ಅವ್ರಿಗೆ ಒಂದು ಬತ್ತಿ ಹಚ್ಚೋಣ ಅಂತ ಎರಡು ವರ್ಷ ಹೋದೆ ಫಿಲ್ಲು. ಯಾರಿಗೆ ಅಂತ ನನ್ನೊಳಗೇ ಅವ್ರ ದನಿ ಕೇಳುತ್ತೆ, ಹೆಸ್ರು ಗಂಟಲಲ್ಲೇ ನಿಂತೋಗುತ್ತೆ. ಊರಿನ ಹೆಸ್ರೆಲ್ಲಾ ಆಡೋ ಬಾಯಿ ಇದು, ಆ ಒಂದು ಹೆಸ್ರು...

ಶ್. ಗೇಟು ಸದ್ದಾಯ್ತು. ನೋಡು ಕಿಟ್ಕೀಲಿ, ಯಾರು? ಜಸಿಂತನಾ? ಜೊತೇಲಿ? ಅಯ್ಯೋ ನನ್ನಪ್ಪಾ, ಎಮಿಲ್ಡನೇ. ಸ್ಕೂಲಿಗೆ ಕಾಯಿ ಕೇಳೋಕೆ ಬಂದವ್ರೆ, ನಾಡಿದ್ದಲ್ವಾ ಮಕ್ಳು ದೀಪ ಇಡೋದು. ಇಲ್ಲ, ಇಲ್ಲ, ಎದ್ದು ಹೋಗ್ಬೇಡ, ಇಲ್ಲೇ ಕೂತಿರು ನನ್ ಪಕ್ಕ. ಆ ಜಪಸರ ಇಲ್ಲಿ ಕೊಡು. ಮಣಿ ಅಲ್ವೇ, ಶಿಲುಬೆ, ಶಿಲುಬೆ ಕೊಡು ಕೈಗೆ. ಬಾಮ್ಮಾ ಎಮಿಲ್ಡ, ಬಾಗ್ಲು ತೆಗ್ದೇ ಐತೆ...